ಧಾರವಾಡದ ದನಿಯೂ ವಿದ್ಯುತ್ಕಾಂತ ತರಂಗಗಳೂ

ಕಣ್ಣಿಗೆ ಕಾಣುವ ಬೆಳಕು, ಬಾನುಲಿಯ ಅಲೆ, ಆಸ್ಪತ್ರೆಯ ಕ್ಷ-ಕಿರಣ, ಇವು ಮೂರೂ ಒಂದೇ ಕುಲಕ್ಕೆ ಸೇರಿದವು ಎಂದರೆ ವಿದ್ಯಾರ್ಥಿಗಳು ಒಮ್ಮೆಗೇ ನಂಬಲಾರರು. ಆದರೂ ಅದು ನಿಜ. ಇವೆಲ್ಲವೂ ವಿದ್ಯುತ್ಕಾಂತ ತರಂಗಗಳೇ. ವಿದ್ಯುತ್‌ಕ್ಷೇತ್ರವು ಬದಲಾದರೆ ಕಾಂತಕ್ಷೇತ್ರವು ಹುಟ್ಟುತ್ತದೆ. ಕಾಂತಕ್ಷೇತ್ರವು ಬದಲಾದರೆ ಮರಳಿ ವಿದ್ಯುತ್‌ಕ್ಷೇತ್ರ. ಹೀಗೆ ಒಂದನ್ನೊಂದು ಹುಟ್ಟಿಸುತ್ತ, ಒಂದಕ್ಕೊಂದು ಲಂಬವಾಗಿ, ಸಾಗುವ ದಿಕ್ಕಿಗೂ ಲಂಬವಾಗಿ ಆಂದೋಲಿಸುತ್ತ ಅವು ಮುನ್ನಡೆಯುತ್ತವೆ. ಶಬ್ದಕ್ಕೆ ಗಾಳಿಯೋ ನೀರೋ ಬೇಕು; ಇವಕ್ಕೆ ಯಾವ ಮಾಧ್ಯಮವೂ ಬೇಡ. ಬೇಕಾಗಿದ್ದರೆ ಸೂರ್ಯನ ಬಿಸಿಲು ನಮ್ಮ ಅಂಗಳಕ್ಕೆ ಇಳಿಯುತ್ತಲೇ ಇರಲಿಲ್ಲ.

1865ರಲ್ಲಿ ಮ್ಯಾಕ್ಸ್‌ವೆಲ್ಲನು ಇವುಗಳನ್ನು ಗಣಿತದಿಂದ ಕಂಡನು. ಹರ್ಟ್ಸನು 1888ರ ಹೊತ್ತಿಗೆ ಪ್ರಯೋಗದಿಂದ ತೋರಿಸಿದನು. 1895ರಲ್ಲಿ ನಮ್ಮ ಜಗದೀಶಚಂದ್ರ ಬೋಸರು ಕಲಕತ್ತೆಯಲ್ಲಿ ಇಂಥ ಅಲೆಗಳಿಂದ ದೂರದ ಗಂಟೆಯನ್ನು ಬಾರಿಸಿ, ಮದ್ದನ್ನು ಹೊತ್ತಿಸಿ ಸಭಿಕರನ್ನು ಬೆರಗುಗೊಳಿಸಿದರು. ನಿರ್ವಾತದಲ್ಲಿ ಈ ಕುಲದವೆಲ್ಲಕ್ಕೂ ವೇಗ ಒಂದೇ: ಸೆಕೆಂಡಿಗೆ 29,97,92,458 ಮೀಟರು. ಮೂರು ಲಕ್ಷ ಕಿಲೋಮೀಟರು ಎಂದು ಬಾಯಿಪಾಠ ಮಾಡಿ ಒಪ್ಪಿಸುವುದು ಸುಲಭ. ಅದರ ಅರ್ಥವು ಮನಸ್ಸಿಗೆ ಇಳಿಯುವುದು ಕಷ್ಟ. ಆದ್ದರಿಂದ ನಮ್ಮವರಿಗೆ ಪರಿಚಯದ ಒಂದು ಉದಾಹರಣೆಯನ್ನೇ ತೆಗೆದುಕೊಳ್ಳೋಣ.

ಧಾರವಾಡದ ಆಕಾಶವಾಣಿ ಕೇಂದ್ರವು 1950ರ ಜನವರಿ 8ರಂದು ಆರಂಭವಾಯಿತು. ಆಗ ಧಾರವಾಡವೂ ಮುಂಬಯಿ ಪ್ರಾಂತದಲ್ಲೇ ಇತ್ತು. ಊರು ಬಿಟ್ಟು ಬಂದು ಇಲ್ಲಿನ ಹೋಟೆಲುಗಳಲ್ಲಿ, ಗಿರಣಿಗಳಲ್ಲಿ ದುಡಿದ ಹಿರಿಯರನ್ನು ಕೇಳಿ ನೋಡಿ. ಹಗಲೆಲ್ಲ ಬರಿಯ ಗೊರಗೊರ. ರಾತ್ರಿಯಾದರೆ ಅದೇ ಪೆಟ್ಟಿಗೆಯಲ್ಲಿ ದೂರದ ಕನ್ನಡ, ಒಮ್ಮೆ ಏರಿ ಒಮ್ಮೆ ಇಳಿದು, ಕೇಳಿಬರುತ್ತಿತ್ತು ಎನ್ನುತ್ತಾರೆ. ವೇಗ ಬದಲಾಗಲಿಲ್ಲ, ಕೇಂದ್ರವೂ ಬದಲಾಗಲಿಲ್ಲ. ಮತ್ತೆ ಹಗಲಿಗೂ ರಾತ್ರಿಗೂ ಈ ಭೇದವೇಕೆ?

ಉತ್ತರವು ತರಂಗದೂರದಲ್ಲಿದೆ. ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ಅಂತರವೇ ತರಂಗದೂರ; ಸೆಕೆಂಡಿಗೆ ಎಷ್ಟು ಸಲ ಆಂದೋಲನ ಎಂಬುದು ಆವೃತ್ತಿ. ಎರಡನ್ನೂ ಗುಣಿಸಿದರೆ ವೇಗ ದೊರೆಯುತ್ತದೆ. ಧಾರವಾಡವು ಬಹುಕಾಲ ಪ್ರಸಾರ ಮಾಡಿದ್ದು 765 ಕಿಲೋಹರ್ಟ್ಸ್ ಆವೃತ್ತಿಯಲ್ಲಿ. ಭಾಗಿಸಿ ನೋಡಿ, ಒಂದೊಂದು ಅಲೆಯೂ ಸುಮಾರು 392 ಮೀಟರು ಉದ್ದ! ಬಿಸಿಲಿನ ಹೊಡೆತಕ್ಕೆ ವಾತಾವರಣದ ಮೇಲ್ಭಾಗದ ಅಣುಗಳಿಂದ ಎಲೆಕ್ಟ್ರಾನುಗಳು ಬಿಡಿಬಿಡಿಯಾಗುತ್ತವೆ. 60ರಿಂದ 90 ಕಿಲೋಮೀಟರು ಎತ್ತರದಲ್ಲಿ ಹಗಲು ಮೂಡುವ ಇಂಥದೊಂದು ಪದರವು ಮೇಲೇರಿದ ಮಧ್ಯಮ ತರಂಗಗಳನ್ನು ಹೀರಿಬಿಡುತ್ತದೆ. ಸೂರ್ಯನು ಮುಳುಗಿದ ಮೇಲೆ ಈ ಪದರವು ಬಹುಮಟ್ಟಿಗೆ ಕರಗುತ್ತದೆ. ಆಗ ಅಲೆಗಳು ಇನ್ನೂ ಮೇಲಕ್ಕೆ ಹೋಗಿ, ನೂರು ಕಿಲೋಮೀಟರಿಗೂ ಎತ್ತರದ ಪದರಗಳಿಂದ ಬಾಗಿ ನೆಲಕ್ಕೆ ಮರಳುತ್ತವೆ. ಪದರವು ಅಲುಗಿದಂತೆಲ್ಲ ದನಿಯೂ ಏರಿಳಿಯುತ್ತದೆ.

ಎಫ್.ಎಂ. ಅಲೆಗಳ ಪಾಡು ಬೇರೆ. ಮುಂಬಯಿಯ 107.1 ಮೆಗಾಹರ್ಟ್ಸ್ ಪ್ರಸಾರದ ತರಂಗದೂರ ಸುಮಾರು 2.8 ಮೀಟರು ಮಾತ್ರ. ಇಂಥವನ್ನು ಮೇಲಿನ ಪದರಗಳು ಸಾಮಾನ್ಯವಾಗಿ ಹಿಂದಿರುಗಿಸವು. ಅವು ಆಕಾಶಕ್ಕೆ ಹೊರಟುಹೋಗುತ್ತವೆ. ಅದರಿಂದಲೇ ಹರವು ಕಡಿಮೆ.

ಇನ್ನು ವೇಗದ ಲೆಕ್ಕ. ಧಾರವಾಡದಿಂದ ಮುಂಬಯಿಗೆ ಆಕಾಶದ ಬಳಸುದಾರಿ 500 ಕಿಲೋಮೀಟರೆಂದು ಹಿಡಿದರೆ ತಗಲುವ ಕಾಲ ಸೆಕೆಂಡಿನ 600ನೆಯ ಒಂದು ಭಾಗ. ಅಷ್ಟರಲ್ಲಿ ಶಬ್ದವು ಗಾಳಿಯಲ್ಲಿ ಒಂದೂವರೆ ಮೊಳವನ್ನೂ ದಾಟದು. ಎಂದರೆ ಗಾಯಕರು ನೇರಪ್ರಸಾರದಲ್ಲಿ ಹಾಡುವಾಗ, ಎರಡು ಮಾರು ಹಿಂದೆ ಕುಳಿತ ತಂಬೂರಿಯವರಿಗಿಂತ ಮೊದಲೇ ಆ ಸ್ವರವು ಮುಂಬಯಿಯ ಪೆಟ್ಟಿಗೆಯನ್ನು ಮುಟ್ಟುತ್ತಿತ್ತು! ಇಂದು ಮೊಬೈಲಿನಲ್ಲಿ ಅಂತರ್ಜಾಲದ ಮೂಲಕ ಕೇಳಿದರೆ ಅದೇ ದನಿ ಹಲವು ಸೆಕೆಂಡು ತಡವಾಗುವುದುಂಟು. ಅದು ಅಲೆಯ ತಪ್ಪಲ್ಲ. ದನಿಯನ್ನು ಕಂತೆ ಕಟ್ಟಿ, ಕೂಡಿಟ್ಟು, ಬಿಚ್ಚುವ ಯಂತ್ರಗಳ ವಿಳಂಬ.

ಮನೆಯಲ್ಲಿ ಹಳೆಯ ಟ್ರಾನ್ಸಿಸ್ಟರ್ ಇದ್ದರೆ ಹಗಲಿನಲ್ಲಿ ಹತ್ತಿರದ ಯಾವುದಾದರೂ ಮಧ್ಯಮ ತರಂಗದ ನಿಲ್ದಾಣವನ್ನು ಹಿಡಿದು, ಪೆಟ್ಟಿಗೆಯನ್ನು ಮೆಲ್ಲಗೆ ಸುತ್ತ ತಿರುಗಿಸಿರಿ. ಒಳಗೆ ತಂತಿ ಸುತ್ತಿದ ಒಂದು ಕಪ್ಪು ಸಲಾಕೆಯಿರುತ್ತದೆ. ಅದು ಹಿಡಿಯುವುದು ಅಲೆಯ ಕಾಂತಕ್ಷೇತ್ರವನ್ನು. ಆ ಕ್ಷೇತ್ರವು ಅಲೆ ಬರುವ ದಿಕ್ಕಿಗೆ ಲಂಬವಾಗಿರುವುದರಿಂದ, ಸಲಾಕೆಯ ತುದಿ ನಿಲ್ದಾಣದತ್ತ ತಿರುಗಿದೊಡನೆ ದನಿಯು ಕುಗ್ಗುತ್ತದೆ; ಅಡ್ಡವಾದೊಡನೆ ಮತ್ತೆ ಏಳುತ್ತದೆ.