ಆಕಾಶಮಾರ್ಗದ ಅಂತರ ಮತ್ತು ಯಾನಕಾಲ

ದೂರವನ್ನು ವೇಗದಿಂದ ಭಾಗಿಸಿದರೆ ಕಾಲ ದೊರೆಯುವುದೆಂಬ ಸೂತ್ರವನ್ನು ಪ್ರೌಢಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಬಲ್ಲನು. ಸೂತ್ರದಲ್ಲಿ ದೋಷವಿಲ್ಲ. ಆದರೆ ಯಾವ ದೂರ, ಯಾವ ವೇಗ ಎಂಬುದನ್ನು ವಿಚಾರಿಸದೆ ಅದನ್ನು ವಿಮಾನಯಾನಕ್ಕೆ ಅನ್ವಯಿಸಿದರೆ ಉತ್ತರ ತಪ್ಪುವುದು. ಬೆಂಗಳೂರು ಮತ್ತು ಅಮೆರಿಕದ ಸಾನ್‌ಫ್ರಾನ್ಸಿಸ್ಕೋ ವಿಮಾನನಿಲ್ದಾಣಗಳ ನಡುವಣ ಮಾರ್ಗವು ಇದಕ್ಕೆ ಒಳ್ಳೆಯ ನಿದರ್ಶನ.

ಗೋಡೆಯ ಭೂಪಟದ ಮೇಲೆ ಅಳತೆಪಟ್ಟಿಯನ್ನಿಟ್ಟವರಿಗೆ ಈ ದಾರಿಯು ನೇರವಾಗಿ ಪೂರ್ವಕ್ಕೆ, ಪೆಸಿಫಿಕ್ ಸಾಗರದ ಮೇಲೆ ಹಾಯಬೇಕೆಂದು ತೋರುವುದು. ಶಾಲೆಯಲ್ಲಿರುವ ಗೋಳದ ಮೇಲೆ ಎರಡು ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಎಳೆದು ಹಿಡಿದರೆ ನಿಜಸ್ಥಿತಿ ಗೋಚರವಾಗುವುದು. ದಾರವು ಬೆಂಗಳೂರಿನಿಂದ ಉತ್ತರಕ್ಕೆ, ತುಸು ಪೂರ್ವಕ್ಕೆ ವಾಲಿಕೊಂಡು ಹೊರಟು, ಸೈಬೀರಿಯದ ಉತ್ತರ ಕರಾವಳಿಯ ಬಳಿ ಸುಮಾರು 71 ಡಿಗ್ರಿ ಅಕ್ಷಾಂಶದವರೆಗೆ ಏರಿ, ಅಲಾಸ್ಕದ ಮೇಲಿಂದ ಇಳಿಯುತ್ತದೆ. ಎರಡು ಊರುಗಳ ರೇಖಾಂಶಗಳ ಅಂತರ 160 ಡಿಗ್ರಿಗಳಷ್ಟಿರುವುದೇ ಇದಕ್ಕೆ ಕಾರಣ. ಈ ಕನಿಷ್ಠ ದೂರ ಸುಮಾರು 14,000 ಕಿಲೋಮೀಟರು. ನೂರು ಮಾತಿನ ವಿವರಣೆಗಿಂತ ಈ ಒಂದು ಗೇಣು ದಾರವೇ ಮೇಲು. ಗೋಳವಿದ್ದೂ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ಶಾಲೆಗಳು ಇಲ್ಲದಿಲ್ಲ.

ಆದರೂ ವಿಮಾನವು ಸದಾ ಈ ದಾರವನ್ನೇ ಅನುಸರಿಸುವುದಿಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸಂಸ್ಥೆಯ ವಿಮಾನವು ಈ ಮಾರ್ಗದಲ್ಲಿ ಮೊದಲ ಬಾರಿಗೆ ಎಲ್ಲಿಯೂ ಇಳಿಯದೆ ಬೆಂಗಳೂರಿಗೆ ಬಂದಾಗ ಉತ್ತರಧ್ರುವದ ಮೇಲಿಂದ ಹಾಯ್ದು ಸುಮಾರು 16,000 ಕಿಲೋಮೀಟರು ಕ್ರಮಿಸಿತೆಂದು ವರದಿಯಾಯಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಅದನ್ನು ನಡೆಸಿದ ನಾಲ್ವರು ಚಾಲಕರೂ ಮಹಿಳೆಯರೆಂಬುದು ಸ್ಮರಣೀಯ.

ಹವೆ, ಇಂಧನ ಮೊದಲಾದವನ್ನು ಗಣಿಸಿ ಮಾರ್ಗವನ್ನು ಗೊತ್ತುಪಡಿಸುವರು; ಅವುಗಳಲ್ಲಿ ಗಾಳಿ ಪ್ರಧಾನ. ಹತ್ತು ಹನ್ನೆರಡು ಕಿಲೋಮೀಟರು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದ ವಾಯುಪ್ರವಾಹಗಳುಂಟು. ಅವು ಅಮೆರಿಕಕ್ಕೆ ಪೂರ್ವಾಭಿಮುಖವಾಗಿ ಸಾಗುವಾಗ ಒತ್ತಾಸೆ, ಮರಳುವಾಗ ಅಡ್ಡಿ. ವಿಮಾನದ ವೇಗ ಗಂಟೆಗೆ 900 ಕಿಲೋಮೀಟರು, ಗಾಳಿಯದು 100 ಎಂದಿಟ್ಟುಕೊಳ್ಳೋಣ. ಗಾಳಿಯಿಲ್ಲದೆ 14,000 ಕಿಲೋಮೀಟರಿಗೆ 15 ಗಂಟೆ 33 ನಿಮಿಷ. ಹಿಂಗಾಳಿಯಲ್ಲಿ 14 ಗಂಟೆ. ಎದುರುಗಾಳಿಯಲ್ಲಿ ಹದಿನೇಳೂವರೆ ಗಂಟೆ. ಹೋಗುವಾಗ ಉಳಿದದ್ದು 93 ನಿಮಿಷ, ಬರುವಾಗ ನಷ್ಟವಾದದ್ದು 117 ನಿಮಿಷ! ಒಂದಕ್ಕೊಂದು ಸರಿಹೋಗುವುದೆಂಬ ಊಹೆ ಇಲ್ಲಿ ನಿಲ್ಲದು. ಬೆಟ್ಟದ ಊರಿನವರು ದಾರಿಯನ್ನು ಹೊತ್ತಿನಿಂದ ಹೇಳುವಾಗ ಏರುವುದಕ್ಕೊಂದು, ಇಳಿಯುವುದಕ್ಕೊಂದು ಲೆಕ್ಕ ಕೊಡುವುದು ಇದೇ ತಿಳಿವಳಿಕೆಯಿಂದ.

ಇನ್ನು ಪಂಚಾಂಗದ ತೊಡಕು. ಆ ವಿಮಾನ ಹೊರಟದ್ದು ಅಲ್ಲಿಯ 9ನೆಯ ತಾರೀಖಿನ ರಾತ್ರಿ ಎಂಟೂವರೆಗೆ. ಬಂದದ್ದು ಇಲ್ಲಿಯ 11ರ ಬೆಳಗಿನ ಜಾವಕ್ಕೆ. ಮಕ್ಕಳ ದಾರಿ ಕಾಯುವ ತಂದೆತಾಯಿಗಳು ಇದನ್ನು ಎರಡು ದಿನದ ಪಯಣವೆಂದೇ ಭಾವಿಸುವರು. ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಯದಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುವುದರಿಂದ, ಹೊರಟಾಗ ಇಲ್ಲಿ 10ನೆಯ ತಾರೀಖು ಬೆಳಿಗ್ಗೆ ಹತ್ತು ಗಂಟೆ. ಯಾನಕಾಲ ಸುಮಾರು 17 ಗಂಟೆ. ಹಳೆಯ ಲೆಕ್ಕದಲ್ಲಿ ನಲವತ್ತೆರಡೂವರೆ ಗಳಿಗೆ.