ಕೈಸಾಲದ ತಕರಾರು: ವಕೀಲರಿಲ್ಲದೆಯೂ ದಾರಿ ಉಂಟು



"ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ" ಎಂದು ಹಿರಿಯರು ಹೇಳುವುದನ್ನು ಕೇಳಿದ್ದೇವೆ. ಈ ಹೆದರಿಕೆಯಿಂದಲೇ ನಮ್ಮಲ್ಲಿ ಅನೇಕರು ನ್ಯಾಯವಾಗಿ ಬರಬೇಕಾದ ಹಣವನ್ನೂ ಬಿಟ್ಟುಬಿಡುತ್ತೇವೆ.

ಒಬ್ಬ ಸದಸ್ಯೆ ಸಂಘದಿಂದ 15,000 ರೂ. ಸಾಲ ಪಡೆದು ನೆರೆಮನೆಯವರಿಗೆ ಕೈಸಾಲ ಕೊಟ್ಟಳು ಎಂದಿಟ್ಟುಕೊಳ್ಳಿ. "ಇವತ್ತು ಕೊಡ್ತೀನಿ, ನಾಳೆ ಕೊಡ್ತೀನಿ" ಅಂತ ವರ್ಷ ಕಳೆಯಿತು. ಸಂಘದ ಕಂತು ಮಾತ್ರ ಆಕೆಯೇ ಕಟ್ಟಬೇಕು. ಈಗ ಏನು ಮಾಡೋದು?

ಎಲ್ಲಿಗೆ ಹೋಗಬೇಕು?

ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ, ಕೇಸು ಹಾಕುವ ಮೊದಲೇ ಇಂಥ ತಕರಾರನ್ನು ಲೋಕ ಅದಾಲತ್‌ಗೆ ಒಯ್ಯಬಹುದು. ವಕೀಲರು ಬೇಕೇಬೇಕು ಎಂದಿಲ್ಲ. ಕೋರ್ಟು ಶುಲ್ಕವೂ ಇಲ್ಲ. ಯಾರಿಗೆ, ಯಾವಾಗ, ಎಷ್ಟು ಕೊಟ್ಟಿದ್ದು, ಎಷ್ಟು ಬಾಕಿ ಎಂದು ಸರಳವಾಗಿ ಅರ್ಜಿ ಬರೆದರೆ ಸಾಕು. ಸಮಿತಿಯವರು ಎದುರಿನವರಿಗೆ ನೋಟೀಸು ಕಳುಹಿಸಿ, ಇಬ್ಬರನ್ನೂ ಕೂರಿಸಿ ಮಾತನಾಡಿಸುತ್ತಾರೆ.

ಏನು ಒಯ್ಯಬೇಕು?

ಸಾಲದ ಚೀಟಿ, ಪಾಸ್‌ಬುಕ್, ಫೋನಿನಲ್ಲಿ ಬಂದ ಸಂದೇಶ, ಇವುಗಳಲ್ಲಿ ಇದ್ದಷ್ಟನ್ನು. ಒಂದು ಮಾತು: ಕೈಸಾಲಕ್ಕೆ ಸಾಮಾನ್ಯವಾಗಿ 3 ವರ್ಷದೊಳಗೆ ದಾವೆ ಹೂಡಬೇಕು. ಆದ್ದರಿಂದ ದಾಕ್ಷಿಣ್ಯಕ್ಕೆ ಕಾಯುತ್ತಾ ಕೂರಬೇಡಿ.

ಸಹಿ ಹಾಕುವ ಮುಂಚೆ

ಇಬ್ಬರೂ ಒಪ್ಪಿದರೆ ಮಾತ್ರ ರಾಜಿ. ಯಾರೂ ಒತ್ತಾಯ ಮಾಡುವಂತಿಲ್ಲ. ಆದರೆ ಒಪ್ಪಿದ ಮೇಲೆ ಆ ತೀರ್ಪು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ. ಅದರ ಮೇಲೆ ಅಪೀಲು ಇಲ್ಲ. ಹಾಗಾಗಿ ಬರೆದದ್ದನ್ನು ಓದಿಸಿ ಕೇಳಿ. ಎಷ್ಟು ಕಂತು, ಯಾವ ತಾರೀಕು, ಎಷ್ಟು ರೂಪಾಯಿ ಎಂಬುದೆಲ್ಲ ಅದರಲ್ಲಿ ಇರಲಿ. "ಆಮೇಲೆ ನೋಡೋಣ" ಎಂಬ ಮಾತಿಗೆ ಸಹಿ ಬೇಡ, ಹೆಬ್ಬೆಟ್ಟೂ ಬೇಡ. ಮುಂದೆ ಅವರು ಕಂತು ತಪ್ಪಿಸಿದರೆ ಹೊಸ ಕೇಸು ಹಾಕಬೇಕಾಗಿಲ್ಲ, ತೀರ್ಪನ್ನು ಜಾರಿ ಮಾಡಿಸಲು ಕೋರ್ಟಿಗೆ ಅರ್ಜಿ ಕೊಡಬಹುದು.

ರಾಜಿ ಆಗದಿದ್ದರೆ?

ಧೈರ್ಯ ಬಿಡಬೇಡಿ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಉಚಿತ ವಕೀಲರನ್ನು ಕೇಳುವ ಹಕ್ಕು ಇದೇ ಕಾಯ್ದೆಯಲ್ಲಿದೆ. ಸಹಾಯವಾಣಿ: 15100.

ಸಂಘದ ಸಭೆಯಲ್ಲಿ ಚರ್ಚಿಸಿರಿ

1. ನಮ್ಮಲ್ಲಿ ಯಾರಿಗಾದರೂ ಕೈಸಾಲ ಬಾಕಿ ಇದೆಯೇ? ಕೊಟ್ಟು ಎಷ್ಟು ವರ್ಷವಾಯಿತು?
2. ಹಣ ಕೊಡುವಾಗ ಚೀಟಿ ಕೇಳಲು ನಮಗೆ ಸಂಕೋಚ ಯಾಕೆ?
3. ಅರ್ಜಿ ಬರೆಯಲು ಬಾರದ ಸದಸ್ಯೆಗೆ ಯಾರು ಬರೆದುಕೊಡುತ್ತೀರಿ? ಜೊತೆಗೆ ಯಾರು ಹೋಗುತ್ತೀರಿ?