ಸ್ಟ್ಯಾಂಡ್‌ಬೈ ಸರ್ವರ್ ಹಿಂದೆ ಬಿದ್ದಾಗ: ಗಣಕೀಕೃತ ದಾಖಲೆಗಳ ಪ್ರತಿಯ ಕುರಿತು ಒಂದು ಪಾಠ

ತೆರಿಗೆ ಪಾವತಿಸಿದ ರಸೀದಿ ಗ್ರಾಮಸ್ಥರ ಕೈಯಲ್ಲಿರುತ್ತದೆ. ಗಣಕಯಂತ್ರದ ಬೇಡಿಕೆ ಪಟ್ಟಿಯಲ್ಲಿ ಮಾತ್ರ ಅದೇ ಹಣ ಬಾಕಿ ಎಂದು ತೋರುತ್ತದೆ. ಇಂತಹ ದೂರು ಸಭೆಯ ಮುಂದೆ ಬಂದಾಗ ಬಿಲ್ ಕಲೆಕ್ಟರರನ್ನು ಶಂಕಿಸುವುದು ಸಹಜ. ಆದರೆ ಮೊತ್ತವು ಸರಿಯಾಗಿಯೇ ನಮೂದಾಗಿ, ತರುವಾಯ ಸರ್ವರ್‌ನಲ್ಲಿ ನಷ್ಟವಾಗಿರುವ ಸಾಧ್ಯತೆಯೂ ಉಂಟು. ಸರ್ವರ್‌ಗಳು ಪಂಚಾಯತಿಯ ಕಟ್ಟಡದಲ್ಲಿ ಇಲ್ಲದಿದ್ದರೂ ಅವುಗಳ ಫಲವನ್ನು ಅನುಭವಿಸುವವರು ನಮ್ಮ ಗ್ರಾಮಸ್ಥರೇ. ಆದಕಾರಣ ಸದಸ್ಯರು ಈ ವಿಷಯವನ್ನು ಸ್ಥೂಲವಾಗಿಯಾದರೂ ಅರಿತಿರುವುದು ಅವಶ್ಯ.

ಡೇಟಾಬೇಸ್ ಕೆಲಸ ಮಾಡುವ ಬಗೆಯು ನಮ್ಮ ಕಿರ್ದಿ-ಖಾತೆಗಳ ಕ್ರಮಕ್ಕೆ ಬಹಳ ಸಮೀಪವಾದುದು. ವ್ಯಾಪಕವಾಗಿ ಬಳಕೆಯಲ್ಲಿರುವ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಪ್ರತಿಯೊಂದು ಬದಲಾವಣೆಯನ್ನೂ ಅದು ಮೊದಲು ಕಿರ್ದಿಯಂತಹ ಒಂದು ಕಡತದಲ್ಲಿ ಬರೆದುಕೊಂಡು, ಅನಂತರ ಖಾತೆಗೆ ಏರಿಸುತ್ತದೆ. ಆ ಕಿರ್ದಿಯ ಹಾಳೆಗಳನ್ನು ಎಡೆಬಿಡದೆ ಮತ್ತೊಂದು ಯಂತ್ರಕ್ಕೆ ಕಳುಹಿಸಿ, ಅಲ್ಲಿಯೂ ಅದೇ ಕ್ರಮದಲ್ಲಿ ಏರಿಸುವುದಕ್ಕೆ ರೆಪ್ಲಿಕೇಷನ್ ಎಂದು ಹೆಸರು. ಆ ಎರಡನೆಯ ಯಂತ್ರವೇ ಸ್ಟ್ಯಾಂಡ್‌ಬೈ ಸರ್ವರ್. ಮುಖ್ಯ ಸರ್ವರ್ ಕೆಟ್ಟುನಿಂತರೆ ಅದು ಆ ಸ್ಥಾನವನ್ನು ವಹಿಸಿಕೊಳ್ಳುತ್ತದೆ.

ಹೊರೆ ಹೆಚ್ಚಾದಾಗ ಅಥವಾ ಸಂಪರ್ಕ ಕಡಿದಾಗ ಸ್ಟ್ಯಾಂಡ್‌ಬೈ ಹಿಂದೆ ಬೀಳುತ್ತದೆ. ಅಷ್ಟರಲ್ಲಿ ಮುಖ್ಯ ಸರ್ವರ್ ತನ್ನ ಹಳೆಯ ಹಾಳೆಗಳನ್ನು ಅಳಿಸಿಬಿಟ್ಟರೆ ಮುಂದಿನ ಕೊಂಡಿಯೇ ಇಲ್ಲದಂತಾಗಿ, ಇಡೀ ಪ್ರತಿಯನ್ನು ಹೊಸದಾಗಿ ತೆಗೆಯಬೇಕಾಗುತ್ತದೆ. ಸ್ಟ್ಯಾಂಡ್‌ಬೈಗೆ ತಲಪುವವರೆಗೆ ಹಾಳೆಗಳನ್ನು ಅಳಿಸದಂತೆ ವಿಧಿಸಲು ‘ಸ್ಲಾಟ್’ ಎಂಬ ಏರ್ಪಾಡಿದೆ. ಅದರಲ್ಲಿಯೂ ಅಪಾಯವಿಲ್ಲದಿಲ್ಲ: ಸ್ಟ್ಯಾಂಡ್‌ಬೈ ದಿನಗಟ್ಟಲೆ ನಿಂತುಹೋದರೆ ಹಾಳೆಗಳು ಪೇರಿ ಡಿಸ್ಕ್ ತುಂಬಿ, ಸುಸ್ಥಿತಿಯಲ್ಲಿದ್ದ ಮುಖ್ಯ ಸರ್ವರೇ ಸ್ಥಗಿತಗೊಳ್ಳುತ್ತದೆ. ಪೋಸ್ಟ್‌ಗ್ರೆಸ್‌ನ 13ನೆಯ ಆವೃತ್ತಿಯಿಂದ ಇದಕ್ಕೊಂದು ಮಿತಿಯನ್ನು ನಿಗದಿಪಡಿಸಲು ಅವಕಾಶವಾಗಿದೆ.

ಈ ಬಗೆಯ ದುರಸ್ತಿಯು ಹೇಗೆ ಕೈಮೀರಬಹುದೆಂಬುದಕ್ಕೆ ಗಿಟ್‌ಲ್ಯಾಬ್ ಸಂಸ್ಥೆಯ ಘಟನೆಯು ಎಲ್ಲರೂ ಓದಬೇಕಾದ ಪಾಠ. ಪ್ರೋಗ್ರಾಮರುಗಳ ಕೆಲಸವನ್ನು ಸಂಗ್ರಹಿಸಿಡುವ ಈ ಜಾಲತಾಣದ ಮುಖ್ಯ ಸರ್ವರ್ ಮೇಲೆ 2017ರ ಜನವರಿ 31ರಂದು ವಿಪರೀತ ಹೊರೆ ಬಿದ್ದು, ಸ್ಟ್ಯಾಂಡ್‌ಬೈ ಹಿಂದೆ ಉಳಿಯಿತು. ಅದಕ್ಕೆ ಬೇಕಾದ ಹಾಳೆಗಳು ಆಗಲೇ ಅಳಿದಿದ್ದವು. ಹೊಸ ಪ್ರತಿ ತೆಗೆಯಹೊರಟಾಗ ಒಂದರ ಮೇಲೊಂದು ದೋಷ ಕಾಣಿಸಿತು. ಕೊನೆಗೆ ಪ್ರತಿ ತೆಗೆಯುವ ಆದೇಶವು ಯಾವ ಸಂದೇಶವನ್ನೂ ತೋರದೆ ನಿಂತಿತು. ವಾಸ್ತವದಲ್ಲಿ ಅದು ಮುಖ್ಯ ಸರ್ವರ್‌ನ ಸಿದ್ಧತೆಗಾಗಿ ಕಾಯುತ್ತಿತ್ತು. ಸ್ಟ್ಯಾಂಡ್‌ಬೈಯಲ್ಲಿ ಉಳಿದ ಕಡತಗಳೇ ಅಡ್ಡಿಯಾಗಿರಬೇಕೆಂದು ಊಹಿಸಿದ ಇಂಜಿನಿಯರೊಬ್ಬರು ಅವನ್ನು ಅಳಿಸುವ ಆದೇಶ ನೀಡಿದರು. ಆ ಆದೇಶವು ಜಾರಿಯಾದದ್ದು ಮುಖ್ಯ ಸರ್ವರ್‌ನಲ್ಲಿ. ಒಂದೆರಡು ಸೆಕೆಂಡುಗಳಲ್ಲಿಯೇ ತಡೆದರೂ, ಸುಮಾರು 300 ಜಿಬಿ ದತ್ತಾಂಶದಲ್ಲಿ ಉಳಿದದ್ದು 4.5 ಜಿಬಿಯಷ್ಟು ಮಾತ್ರ.

ಇದಕ್ಕಿಂತ ಗಂಭೀರವಾದ ಸಂಗತಿ ಆಮೇಲೆ ಬೆಳಕಿಗೆ ಬಂದಿತು. ಪ್ರತಿದಿನ ತೆಗೆಯುತ್ತಿದ್ದ ಬ್ಯಾಕಪ್ ಇರಬೇಕಾದ ಸ್ಥಳವು ಬರಿದಾಗಿತ್ತು. ಡೇಟಾಬೇಸ್ 9.6ನೆಯ ಆವೃತ್ತಿಯದು, ಬ್ಯಾಕಪ್ ತೆಗೆಯುವ ಸಾಧನ 9.2ರದು, ಹೊಂದಾಣಿಕೆಯಾಗದೆ ಅದು ಪ್ರತಿಬಾರಿಯೂ ವಿಫಲವಾಗುತ್ತಿತ್ತು. ವಿಫಲವಾಯಿತೆಂದು ತಿಳಿಸುವ ಇ-ಮೇಲ್‌ಗಳೂ ತಿರಸ್ಕೃತವಾಗಿ ಯಾರನ್ನೂ ತಲಪಿರಲಿಲ್ಲ. ಕೊನೆಗೆ ಕೈಹಿಡಿದದ್ದು, ಬೇರೊಂದು ಕಾರಣಕ್ಕಾಗಿ ಸುಮಾರು 6 ಗಂಟೆಗಳ ಹಿಂದೆ ತೆಗೆದಿದ್ದ ಒಂದು ಪ್ರತಿ. ಅದು ಅದೃಷ್ಟವೇ ಹೊರತು ವ್ಯವಸ್ಥೆಯಲ್ಲ. ನಡುವಿನ ಅವಧಿಯ ನಮೂದುಗಳು ಮರಳಲಿಲ್ಲ. ಸಂಸ್ಥೆಯು ಇದಾವುದನ್ನೂ ಮುಚ್ಚಿಡದೆ ಸಾರ್ವಜನಿಕವಾಗಿ ಪ್ರಕಟಿಸಿತೆಂಬುದನ್ನು ಇಲ್ಲಿ ಮೆಚ್ಚಿ ಹೇಳಬೇಕು.

ನಮ್ಮಲ್ಲಿ ತೆರಿಗೆ ವಸೂಲಾತಿ ಆಂದೋಲನದ ದಿನ 6 ಗಂಟೆಗಳ ನಮೂದು ಹೋದರೆ ಏನಾದೀತೆಂಬುದನ್ನು ಸದಸ್ಯರೇ ಊಹಿಸಬಹುದು.

ಸ್ಟ್ಯಾಂಡ್‌ಬೈ ಇದೆಯೆಂಬುದೇ ಬ್ಯಾಕಪ್ ಇದೆಯೆಂಬುದಕ್ಕೆ ಸಮನೆಂದು ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ಯಾರಾದರೂ ಕಣ್ತಪ್ಪಿನಿಂದ ಒಂದು ಗ್ರಾಮದ ಖಾತೆಗಳನ್ನು ಡೇಟಾಬೇಸಿನಿಂದ ತೆಗೆದುಹಾಕಿದರೆ, ಅದು ಕಿರ್ದಿಯಲ್ಲಿ ದಾಖಲಾಗಿ ಕ್ಷಣಮಾತ್ರದಲ್ಲಿ ಸ್ಟ್ಯಾಂಡ್‌ಬೈಯಲ್ಲಿಯೂ ಜಾರಿಯಾಗುತ್ತದೆ. ಸ್ಟ್ಯಾಂಡ್‌ಬೈ ಯಂತ್ರದ ಕೇಡಿನಿಂದ ಕಾಯುತ್ತದೆ. ಮನುಷ್ಯನ ತಪ್ಪಿನಿಂದ ಕಾಯಲು ನಿನ್ನೆಯ, ಮೊನ್ನೆಯ ಪ್ರತಿಗಳು ಬೇರೆಯಾಗಿಯೇ ಇರಬೇಕು. ಇನ್ನೊಂದು ಅಂಶ: ಸಾಮಾನ್ಯ ಏರ್ಪಾಡಿನಲ್ಲಿ ಮುಖ್ಯ ಸರ್ವರ್, ಹಾಳೆ ತಲಪಿತೇ ಎಂದು ಕಾಯುವುದಿಲ್ಲ. ಅದು ಹಠಾತ್ತನೆ ಕೆಟ್ಟರೆ ಕೊನೆಯ ಕೆಲವು ರಸೀದಿಗಳು ಸ್ಟ್ಯಾಂಡ್‌ಬೈಗೆ ಹೋಗಿರಲಿಕ್ಕಿಲ್ಲ. ಕಾಯುವಂತೆ ವಿಧಿಸಬಹುದು, ಆಗ ಕೆಲಸ ನಿಧಾನವಾಗುತ್ತದೆ, ಇರುವ ಒಂದೇ ಸ್ಟ್ಯಾಂಡ್‌ಬೈ ನಿಂತರೆ ಹೊಸ ನಮೂದೂ ನಿಲ್ಲುತ್ತದೆ.

ದುರಸ್ತಿಗೆ ಕೈಹಾಕುವ ತಂತ್ರಜ್ಞರು ಮೊಟ್ಟಮೊದಲು ತಾವು ಯಾವ ಯಂತ್ರದಲ್ಲಿದ್ದೇವೆಂದು ಖಚಿತಪಡಿಸಿಕೊಳ್ಳತಕ್ಕದ್ದು. ‘ಪಿಜಿ ಈಸ್ ಇನ್ ರಿಕವರಿ’ ಎಂಬ ಒಂದೇ ಪ್ರಶ್ನೆಗೆ ಪೋಸ್ಟ್‌ಗ್ರೆಸ್ ‘ಹೌದು’ ಎಂದರೆ ಅದು ಸ್ಟ್ಯಾಂಡ್‌ಬೈ, ‘ಇಲ್ಲ’ ಎಂದರೆ ಮುಖ್ಯ ಸರ್ವರ್. ಹಳೆಯ ಕಡತಗಳನ್ನು ಅಳಿಸುವ ಬದಲು ಹೆಸರು ಬದಲಿಸಿ ಬದಿಗಿಡುವುದು ಕ್ಷೇಮ. ಸ್ಟ್ಯಾಂಡ್‌ಬೈ ಎಷ್ಟು ಹಿಂದಿದೆಯೆಂಬುದನ್ನು ಮುಖ್ಯ ಸರ್ವರ್‌ನಲ್ಲಿಯೇ ನೋಡಬಹುದಾದ್ದರಿಂದ, ಗೊತ್ತಿರಲಿಲ್ಲವೆಂಬ ಸಮಜಾಯಿಷಿಯನ್ನು ಒಪ್ಪಬೇಕಾಗಿಲ್ಲ.

ತಂತ್ರಾಂಶದ ತರಬೇತಿಗಾಗಿ ಅಥವಾ ಪರಿಶೀಲನೆಗಾಗಿ ತಾಂತ್ರಿಕ ಸಿಬ್ಬಂದಿ ಬಂದಾಗ ಸದಸ್ಯರು ‘ಬ್ಯಾಕಪ್ ಇದೆಯೇ?’ ಎಂದು ಕೇಳಿದರೆ ‘ಇದೆ’ ಎಂಬ ಉತ್ತರವೇ ದೊರೆಯುತ್ತದೆ. ‘ಕಳೆದ ಬಾರಿ ಆ ಬ್ಯಾಕಪ್‌ನಿಂದ ದಾಖಲೆಗಳನ್ನು ಮರಳಿ ತೆಗೆದು ನೋಡಿದ್ದು ಯಾವ ದಿನಾಂಕದಂದು? ಅದಕ್ಕೆ ಎಷ್ಟು ಸಮಯ ಹಿಡಿಯಿತು? ವಿಫಲವಾದರೆ ಯಾರಿಗೆ ತಿಳಿಯುತ್ತದೆ?’ ಎಂದು ಕೇಳುವುದು ಹೆಚ್ಚು ಪ್ರಯೋಜನಕರ. ಕಚೇರಿಯ ಮಟ್ಟದಲ್ಲಿ, ದಿನದ ವಸೂಲಾತಿ ಪಟ್ಟಿಯನ್ನು ಸಂಜೆ ಮುದ್ರಿಸಿ, ನಗದು ಪುಸ್ತಕದೊಂದಿಗೆ ತಾಳೆ ನೋಡಿ, ಸಹಿಯೊಡನೆ ಕಡತದಲ್ಲಿಡುವ ರೂಢಿಯನ್ನು ಕೈಬಿಡಬಾರದು. ಸರ್ವರ್ ಸ್ಥಗಿತಗೊಂಡು ಮರಳಿದ ಮರುದಿನ ಹೊಸ ವಸೂಲಾತಿಗೆ ಮುನ್ನ, ಹಿಂದಿನ ದಿನದ ಕೊನೆಯ ರಸೀದಿ ಸಂಖ್ಯೆಯು ಗಣಕಯಂತ್ರದಲ್ಲಿ ಇದೆಯೇ ಎಂಬುದನ್ನು ಈ ಮುದ್ರಿತ ಪಟ್ಟಿಯೊಡನೆ ಹೋಲಿಸಿ, ವ್ಯತ್ಯಾಸ ಕಂಡಲ್ಲಿ ಅದೇ ದಿನ ಲಿಖಿತವಾಗಿ ವರದಿ ಮಾಡುವುದು.